ಎಕ್ಕದ ಜೋಡಿ ಹಿಡಿದು ಮೂರು ಸಲ ಸೋತೆ: ಅದೃಷ್ಟ ಕೈಕೊಟ್ಟಿತೇ, ನಾನೇ ತಪ್ಪಿದೆನೇ?

ಹುಣಸೆಬೀಜ (ಮೈಸೂರು) ಕೇಳಿದ ಪ್ರಶ್ನೆ

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ರಾತ್ರಿ ಊಟವಾದ ಮೇಲೆ ಆರು ಜನ ಪೋಕರ್ ಆಡುತ್ತೇವೆ. ಎರಡೆರಡು ಎಲೆ ಕೈಯಲ್ಲಿ, ಐದು ಎಲೆ ಎಲ್ಲರಿಗೂ ಕಾಣುವಂತೆ ನಡುವೆ ಹಾಕುವ ಟೆಕ್ಸಾಸ್ ಹೋಲ್ಡೆಮ್. ದುಡ್ಡು ಕಟ್ಟುವುದಿಲ್ಲ. ಅಮ್ಮ ತೊಳೆದು ಒಣಗಿಸಿಟ್ಟ ಹುಣಸೆ ಬೀಜಗಳೇ ನಮ್ಮ ನಾಣ್ಯ. ತಲೆಗೆ 200 ಬೀಜ. ರಾತ್ರಿ ಮುಗಿದಾಗ ಯಾರ ಬಳಿ ಕಡಿಮೆ ಉಳಿದಿದೆಯೋ ಅವರು ಭಾನುವಾರ ಬೆಳಿಗ್ಗೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು. ಆರು ವಾರಗಳಲ್ಲಿ ನಾಲ್ಕು ಸಲ ನಾನೇ ಕೊಡಿಸಿದ್ದೇನೆ.

ದೋಸೆಯ ಖರ್ಚು ನನಗೆ ದೊಡ್ಡದಲ್ಲ. ಆದರೆ ಈ ಆಟವನ್ನು ಮನೆಗೆ ತಂದವನು ನಾನು, ನಿಯಮ ಕಲಿಸಿದವನು ನಾನು, ಪ್ರತಿ ಆಟವನ್ನೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುವವನೂ ನಾನೇ. ಶಿವಮೊಗ್ಗದಿಂದ ವರ್ಗವಾಗಿ ಬಂದ ನಮ್ಮ ಭಾವ ಬರೆಯುವುದಿಲ್ಲ, ಲೆಕ್ಕ ಹಾಕುವುದಿಲ್ಲ, ಗೆಲ್ಲುತ್ತಾರೆ. "ಇದು ಅಂದರ್ ಬಾಹರ್ ಇದ್ದ ಹಾಗೆ. ಎಲೆ ಬಂದವನು ಗೆದ್ದ, ಬಾರದವನು ಸೋತ" ಎಂಬುದು ಅವರ ಸಿದ್ಧಾಂತ. ಇದಕ್ಕೆ ಉತ್ತರ ಕೊಡಬೇಕೆಂದು ನನಗೆ ಬಹಳ ಆಸೆ. ನೋಟ್‌ಬುಕ್ ತೆರೆದರೆ ಮಾತು ಹೊರಡುವುದಿಲ್ಲ.

ಆರು ವಾರಕ್ಕೆ ಸುಮಾರು 600 ಆಟಗಳಾದವು. ಅದರಲ್ಲಿ ಐದು ಸಲ ನನಗೆ ಎರಡು ಎಕ್ಕ ಬಂದಿವೆ. ಇದಕ್ಕಿಂತ ಒಳ್ಳೆಯ ಆರಂಭ ಈ ಆಟದಲ್ಲಿ ಇಲ್ಲ. ಎರಡು ಸಲ ಗೆದ್ದು ಒಟ್ಟು ಹನ್ನೆರಡು ಬೀಜ ಗಳಿಸಿದೆ. ಸೋತ ಮೂರರ ವಿವರ ಹೀಗಿದೆ.

ಮೊದಲನೆಯದು: ನಡುವಿನ ಎಲೆ ತೆರೆಯುವ ಮುನ್ನವೇ ನಾನೂ ಎದುರಿನ ಮನೆಯ ಗೆಳೆಯನೂ ಇದ್ದಷ್ಟೂ ಬೀಜ ಮುಂದೆ ತಳ್ಳಿದೆವು. ಅವನ ಬಳಿ ರಾಜನ ಜೋಡಿ. ಮೂರನೆಯ ಎಲೆಯಾಗಿ ಇನ್ನೊಂದು ರಾಜ ಬಂದ. 200 ಬೀಜ ಹೋಯಿತು.

ಎರಡನೆಯದು: ಎಕ್ಕದ ಜೋಡಿಯನ್ನು ಬಚ್ಚಿಡಬೇಕೆಂದು ಪಣ ಏರಿಸದೆ ಎರಡೇ ಬೀಜ ಹಾಕಿದೆ. ಐದು ಜನ ಉಳಿದರು. ನಡುವೆ ಗುಲಾಮ, ಏಳು, ಎರಡು ಬಂದವು. ಎಲೆ ನೋಡುವ ಮುನ್ನವೇ ಸರದಿಯಂತೆ ಹಾಕಬೇಕಾದ ಕಡ್ಡಾಯದ ಎರಡು ಬೀಜ ಹಾಕಿ ಕುಳಿತಿದ್ದ ನನ್ನ ತಮ್ಮನ ಕೈಯಲ್ಲಿ ಏಳು ಮತ್ತು ಎರಡು! ಎರಡು ಜೋಡಿ ಕಟ್ಟಿ ನನ್ನಿಂದ 90 ಬೀಜ ಕಿತ್ತ.

ಮೂರನೆಯದು ಇವತ್ತಿಗೂ ನಿದ್ದೆ ಕೆಡಿಸುತ್ತದೆ. ನನ್ನ ಬಳಿ ಇಸ್ಪೀಟಿನ ಎಕ್ಕ ಮತ್ತು ಡೈಮಂಡಿನ ಎಕ್ಕ. ಎಂಟು ಬೀಜಕ್ಕೆ ಏರಿಸಿದೆ, ಭಾವ ಮಾತ್ರ ಉಳಿದರು. ಆಟ ಬಿಟ್ಟವರೊಬ್ಬರ ಕಡ್ಡಾಯದ ಒಂದು ಬೀಜವೂ ಸೇರಿ ನಡುವೆ ಇದ್ದದ್ದು 17. ಮೊದಲ ಮೂರು ಎಲೆ: ಆಟೀನಿನ ರಾಜ, ಆಟೀನಿನ ಏಳು, ಕಳಾವರಿನ ಎರಡು. ನಾನು 4 ಹಾಕಿದೆ, ಭಾವ 4 ಹಾಕಿದರು. ನಾಲ್ಕನೆಯ ಎಲೆ ಇಸ್ಪೀಟಿನ ನಾಲ್ಕು. ನಾನು 5 ಹಾಕಿದೆ, ಅವರೂ 5 ಹಾಕಿದರು. ಐದನೆಯ ಎಲೆ ಆಟೀನಿನ ಮೂರು. ಭಾವ ಒಂದು ಕ್ಷಣವೂ ಯೋಚಿಸದೆ ಉಳಿದ 183 ಬೀಜಗಳನ್ನೂ ಮುಂದೆ ತಳ್ಳಿದರು. ಎಕ್ಕದ ಜೋಡಿ ಹಿಡಿದು ಹೇಗೆ ಬಿಡುವುದು? ನಾನೂ ತಳ್ಳಿದೆ. ಅವರ ಕೈಯಲ್ಲಿ ಆಟೀನಿನ ರಾಣಿ, ಆಟೀನಿನ ಗುಲಾಮ. ಐದೂ ಆಟೀನು, ಕಲರ್.

ಬಲ್ಲವರು ದಯವಿಟ್ಟು ಹೇಳಿ. ಈ ಮೂರು ಸೋಲುಗಳಲ್ಲಿ ಅದೃಷ್ಟದ ಪಾಲು ಎಷ್ಟು, ನನ್ನ ಪಾಲು ಎಷ್ಟು?

ಮಲೆನಾಡಿಗ ಬರೆದದ್ದು

ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎಕ್ಕದ ಜೋಡಿಯಲ್ಲಿ ಐದಕ್ಕೆ ಮೂರು ಸೋತಿದ್ದೀರಿ ಎಂದರೆ ಅದು ಅದೃಷ್ಟದ ಕೊರತೆಯೇ. ಇಷ್ಟು ಸೋತ ಮೇಲೆ ಇನ್ನು ನಿಮ್ಮ ಸರದಿ ಬರಲೇಬೇಕು. ನಮ್ಮ ಊರಿನಲ್ಲಿ ದೀಪಾವಳಿ ಸಮಯಕ್ಕೆ ರಮ್ಮಿ ಆಡುವಾಗ ಸತತ ಸೋತವರು ಕುಳಿತ ಜಾಗ ಬದಲಿಸುತ್ತಾರೆ. ನೀವೂ ಒಮ್ಮೆ ಮಾಡಿ ನೋಡಿ.

ನಿವೃತ್ತ ಗಣಿತ ಉಪನ್ಯಾಸಕಿ (ಧಾರವಾಡ) ಬರೆದದ್ದು

ಮಲೆನಾಡಿಗರ ಮಾತಿನಲ್ಲಿರುವ ಪ್ರೀತಿಯನ್ನು ಒಪ್ಪುತ್ತೇನೆ, ಲೆಕ್ಕವನ್ನು ಒಪ್ಪಲಾರೆ. ಎಲೆಗಳಿಗೆ ನೆನಪಿಲ್ಲ. ಕಳೆದ ವಾರ ನೀವು ಸೋತದ್ದು ಈ ವಾರ ಕಲಸಿದ 52 ಎಲೆಗಳಿಗೆ ಗೊತ್ತಾಗುವ ದಾರಿ ಯಾವುದು? ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಸಂಭವನೀಯತೆ ಪಾಠ ಮಾಡಿದ್ದೇನೆ. "ಇನ್ನು ಬರಲೇಬೇಕು" ಎಂಬ ಈ ಒಂದು ನಂಬಿಕೆಯನ್ನು ಕೀಳುವುದಕ್ಕೇ ಪ್ರತಿ ವರ್ಷ ಒಂದು ವಾರ ಬೇಕಾಗುತ್ತಿತ್ತು.

ಹುಣಸೆಬೀಜ ಅವರೇ, ನೋಟ್‌ಬುಕ್ ಇಟ್ಟಿದ್ದೀರಲ್ಲ, ಅದಕ್ಕೆ ನಿಮ್ಮನ್ನು ಅಭಿನಂದಿಸುತ್ತೇನೆ. ಅದರಲ್ಲಿರುವುದನ್ನೇ ಓದೋಣ.

ಮೊದಲು ನಿಮ್ಮ ದುರದೃಷ್ಟದ ವಿಷಯ. 52 ಎಲೆಗಳಿಂದ ಎರಡನ್ನು ಆರಿಸುವ ಬಗೆಗಳು 1,326. ನಾಲ್ಕು ಎಕ್ಕಗಳಿಂದ ಎರಡನ್ನು ಆರಿಸುವ ಬಗೆಗಳು 6. ಅಂದರೆ 221 ಆಟಗಳಿಗೆ ಒಮ್ಮೆ. 600 ಆಟಗಳಲ್ಲಿ ಸರಾಸರಿ ನಿಮಗೆ ಬರಬೇಕಾದದ್ದು ಮೂರಕ್ಕೂ ಕಡಿಮೆ, ಬಂದದ್ದು ಐದು. ಐದು ಅಥವಾ ಹೆಚ್ಚು ಬರುವ ಸಾಧ್ಯತೆ ಏಳರಲ್ಲಿ ಒಂದರಷ್ಟು. ಎಲೆಗಳ ಮಟ್ಟಿಗೆ ಈ ಆರು ವಾರ ನೀವು ಭಾಗ್ಯವಂತರೇ.

ರಾಜನ ಜೋಡಿಯ ಎದುರು ಸೋತದ್ದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಎಕ್ಕದ ಜೋಡಿ ರಾಜನ ಜೋಡಿಯನ್ನು ನೂರಕ್ಕೆ ಸುಮಾರು 82 ಸಲ ಸೋಲಿಸುತ್ತದೆ. ನಿಮಗೆ ಸಿಕ್ಕಿದ್ದು ಉಳಿದ 18ರಲ್ಲಿ ಒಂದು. ಮುಂದಿನ ಸಲವೂ ಹಾಗೆಯೇ ಎಲ್ಲ ಬೀಜಗಳನ್ನೂ ತಳ್ಳಿ. ಆ ಪುಟಕ್ಕೆ ಒಂದು ಸರಿ ಗುರುತು ಹಾಕಿ, ಮುಂದೆ ಹೋಗಿ.

ನಿಮ್ಮ ತಮ್ಮನ ಏಳು-ಎರಡರ ಕಥೆ ಬೇರೆ. ಎಕ್ಕದ ಜೋಡಿ ಒಬ್ಬ ಎದುರಾಳಿಯ ಯಾವುದೋ ಎರಡು ಎಲೆಗಳ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ನಾಲ್ವರು ಎದುರಾಳಿಗಳು ಕೊನೆಯವರೆಗೂ ಉಳಿದರೆ ಅದು ಸುಮಾರು 56ಕ್ಕೆ ಇಳಿಯುತ್ತದೆ. ಎರಡೇ ಬೀಜ ಹಾಕಿ ಎಲ್ಲರನ್ನೂ ಒಳಗೆ ಕರೆದವರು ನೀವು. ಎಂಟೋ ಹತ್ತೋ ಹಾಕಿದ್ದರೆ ಏಳು-ಎರಡು ಹಿಡಿದವನು ಅಲ್ಲೇ ಪ್ಯಾಕ್ ಮಾಡುತ್ತಿದ್ದ.

ಇನ್ನು ಭಾವನವರ ಆಟೀನು. ಅವರ ಕಣ್ಣಿನಿಂದ ನೋಡಿ. ಅವರಿಗೆ ಕಾಣದ ಎಲೆಗಳು 47, ಅದರಲ್ಲಿ ಆಟೀನು 9. ಮುಂದಿನ ಎಲೆ ಆಟೀನಾಗುವ ಸಾಧ್ಯತೆ ನೂರಕ್ಕೆ 19. ನೀವು ಕೇಳಿದ ಬೆಲೆ ಎಷ್ಟು? ನಡುವೆ 17 ಇದ್ದಾಗ 4. ಅವರು 4 ಕೊಟ್ಟು 21 ಗೆಲ್ಲಬಹುದಿತ್ತು. ಒಟ್ಟು 25ರಲ್ಲಿ 4, ಅಂದರೆ ನೂರಕ್ಕೆ 16 ಸಲ ಗೆದ್ದರೆ ಅಸಲು ಬಂತು. 19ರ ಸರಕನ್ನು 16ಕ್ಕೆ ಮಾರಿದಿರಿ. ನಾಲ್ಕನೆಯ ಎಲೆಯ ನಂತರ ಇನ್ನೂ ಅಗ್ಗ: 5 ಕೊಟ್ಟು 30 ಗೆಲ್ಲುವ ಅವಕಾಶ, ನೂರಕ್ಕೆ 14 ಸಾಕು. ಅವರ ಸಾಧ್ಯತೆ 46ರಲ್ಲಿ 9, ಸುಮಾರು 20. ಆ ಐದು ಬೀಜ ಹಾಕಿದಾಗ ಅವರಿಗೆ ಸರಾಸರಿ ಎರಡು ಬೀಜಗಳ ಲಾಭ. ನೀವು ಮೊದಲು 12, ಆಮೇಲೆ 30 ಹಾಕಿದ್ದರೆ ಅದೇ ಎಲೆಗೆ ಅವರು ಸರಾಸರಿ ಹತ್ತು ಬೀಜ ಕಳೆದುಕೊಳ್ಳುತ್ತಿದ್ದರು.

ಭಾವ ಲೆಕ್ಕ ಹಾಕುವುದಿಲ್ಲ ಎಂದಿರಿ. ಹಾಕಬೇಕಾದ ಪ್ರಮೇಯವೇ ಬರದಂತೆ ನೀವು ಬೆಲೆ ಇಳಿಸಿ ಕೊಟ್ಟಿರಿ.

ನಳ ಮಹಾರಾಜನ ಕಥೆ ನನಗೆ ಚಿಕ್ಕಂದಿನಿಂದ ಬಹಳ ಇಷ್ಟ. ಬಾಹುಕನಾಗಿ ರಥ ಹೊಡೆಯುತ್ತಿದ್ದ ನಳನಿಗೆ ಋತುಪರ್ಣ ರಾಜ ದಾರಿಯಲ್ಲಿ ಒಂದು ತಾರೆ ಮರವನ್ನು ನೋಡಿದವನೇ ಅದರ ಎಲೆ, ಕಾಯಿಗಳ ಲೆಕ್ಕ ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಗ ಅವನಿಗೆ ದೊರೆತದ್ದು ಅಕ್ಷಹೃದಯ, ಪಗಡೆಯ ಒಳಗುಟ್ಟು. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಋತುಪರ್ಣ ಮೊದಲು ತೋರಿಸಿದ್ದು ಎಣಿಕೆಯನ್ನು. ತಾರೆಕಾಯಿಯೇ ಆ ಕಾಲದ ದಾಳವೂ ಆಗಿತ್ತು ಎಂಬುದು ನೆನಪಾದಾಗ ನಿಮ್ಮ ಹುಣಸೆ ಬೀಜದ ಡಬ್ಬಿ ಕಣ್ಣಿಗೆ ಕಟ್ಟಿತು.

ಸ್ಯಾನ್ ಹೊಸೆ ಕನ್ನಡಿಗ ಬರೆದದ್ದು

ಮೇಡಂ ಅವರ ಲೆಕ್ಕ ಸರಿಯಾಗಿದೆ. ಆದರೆ ಒಂದು ಮಾತು ಸೇರಿಸದೆ ಇರಲಾರೆ. ಇಲ್ಲದಿದ್ದರೆ ಹುಣಸೆಬೀಜ ಅವರು ಮುಂದಿನ ಶನಿವಾರ ದೊಡ್ಡ ಪಣ ಕಟ್ಟಿಯೂ ಸೋಲುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಇಸ್ಪೀಟು ಕೋಣೆಗಳು ಪರವಾನಗಿ ಪಡೆದು ನಡೆಯುತ್ತವೆ. ಹತ್ತು ವರ್ಷಗಳಿಂದ ತಿಂಗಳಿಗೆರಡು ಸಲ ಹೋಗಿ ಕೂರುತ್ತೇನೆ. ನಾನು ಅಲ್ಲಿ ದುಡ್ಡು ಕೊಟ್ಟು ಕಲಿತದ್ದು ಇದು: ಅಗ್ಗದ ಬೆಲೆಯಿಂದ ಹೋದದ್ದು ಕೆಲವೇ ಬೀಜ. ನಿಜವಾದ ತೂತು ಇದ್ದದ್ದು ಕೊನೆಯ 183ರಲ್ಲಿ.

ನಾಲ್ಕನೆಯ ಎಲೆಯ ಮೇಲೆ ನೀವು 30 ಹಾಕಿದಿರಿ ಎಂದೇ ಇಟ್ಟುಕೊಳ್ಳಿ. ಇಬ್ಬರ ಬಳಿಯೂ ಹಿಂದೆ 150 ಉಳಿದಿರುತ್ತದೆ. ಆಟೀನು ಬಂದಾಗ ನೀವು ಆ 150ನ್ನೂ ಖಂಡಿತ ಕೊಡುತ್ತೀರಿ ಎಂದು ಭಾವನವರಿಗೆ ಗೊತ್ತಿದ್ದರೆ, ಅವರು 46ರಲ್ಲಿ 9 ಸಲ 71ರ ಬದಲು 221 ಗೆಲ್ಲುತ್ತಾರೆ, 37 ಸಲ 30 ಕಳೆದುಕೊಳ್ಳುತ್ತಾರೆ. ಗುಣಿಸಿ ನೋಡಿ. ಪ್ರತಿ ಸಲ ಅವರಿಗೆ ಸರಾಸರಿ 19 ಬೀಜಗಳ ಲಾಭ! ಮೇಡಂ ಹೇಳಿದ ಹತ್ತು ಬೀಜಗಳ ನಷ್ಟ ನಿಜವಾಗಬೇಕಾದರೆ ಮೂರನೆಯ ಆಟೀನು ಕಂಡಾಗ ನೀವು ಎಕ್ಕಗಳನ್ನು ಕೆಳಗಿಡಬೇಕು.

"ಎಕ್ಕದ ಜೋಡಿ ಹಿಡಿದು ಹೇಗೆ ಬಿಡುವುದು" ಎಂದು ಕೇಳಿದಿರಿ. ನಡುವೆ 35 ಇದ್ದಾಗ ಅವರು 183 ತಳ್ಳಿದರು. ನೀವು 183 ಕೊಟ್ಟು 218 ಗೆಲ್ಲಬೇಕು. ನೂರಕ್ಕೆ 46 ಸಲ ಭಾವ ಬರಿಗೈಯಲ್ಲಿದ್ದರೆ ಮಾತ್ರ ಆ ಆಟಕ್ಕೆ ಅರ್ಥ. ಭಾವ ಅಂಥವರೇ? ಉತ್ತರ ನಿಮ್ಮ ನೋಟ್‌ಬುಕ್ಕಿನಲ್ಲಿದೆ. ಕೊನೆಯ ಎಲೆಯ ಮೇಲೆ ಅವರು ದೊಡ್ಡದಾಗಿ ಹಾಕಿದ ಆಟಗಳನ್ನು ಹುಡುಕಿ, ಎಷ್ಟು ಸಲ ಸುಳ್ಳಾಡಿದ್ದರು ಎಂದು ಎಣಿಸಿ.

ಭಾವನವರ ಅಂದರ್ ಬಾಹರ್ ಸಿದ್ಧಾಂತಕ್ಕೂ ಒಂದು ಉತ್ತರ. ಅಂದರ್ ಬಾಹರ್‌ನಲ್ಲಿ ಎಲೆ ಬೀಳತೊಡಗಿದ ಮೇಲೆ ನೀವು ಮಾಡುವಂಥದ್ದು ಏನೂ ಇಲ್ಲ. ಇಲ್ಲಿ ಅದೇ ಎಕ್ಕಗಳನ್ನು ಹಿಡಿದು ಒಬ್ಬ 200 ಕಳೆದುಕೊಂಡರೆ ಇನ್ನೊಬ್ಬ 17ಕ್ಕೆ ನಿಲ್ಲಿಸುತ್ತಾನೆ. ಆದರೆ ಒಂದು ರಾತ್ರಿ ನೋಡಿದರೆ ಭಾವನವರೇ ಸರಿ ಎನಿಸುವುದೂ ನಿಜ. ನೂರು ಆಟಕ್ಕೆ ದೊಡ್ಡ ಕಡ್ಡಾಯ ಪಣದ (ನಿಮ್ಮಲ್ಲಿ ಎರಡು ಬೀಜ) ಐದು ಪಟ್ಟು ಗೆಲ್ಲುವವನನ್ನು ಇಲ್ಲಿ ಒಳ್ಳೆಯ ಆಟಗಾರ ಎನ್ನುತ್ತಾರೆ. ಅದೇ ನೂರು ಆಟಗಳಲ್ಲಿ ಅದೃಷ್ಟದ ಏರಿಳಿತ ಸುಮಾರು ತೊಂಬತ್ತು ಪಟ್ಟು. ಗಳಿಕೆ ಆಟಗಳ ಸಂಖ್ಯೆಯಂತೆ ಬೆಳೆಯುತ್ತದೆ, ಏರಿಳಿತ ಅದರ ವರ್ಗಮೂಲದಂತೆ ಮಾತ್ರ. ನಿಮ್ಮ 600 ಆಟಗಳಿಗೆ ಅನ್ವಯಿಸಿದರೆ ಕೌಶಲದ ಗಳಿಕೆ 30, ಅದೃಷ್ಟದ ತೂಗಾಟ 220. ಸುಮಾರು 40,000 ಆಟಗಳಾದಾಗ ಗಳಿಕೆ 2,000, ತೂಗಾಟ 1,800 ಆಗಿ ಆಗಷ್ಟೇ ಒಂದು ಇನ್ನೊಂದನ್ನು ದಾಟುತ್ತದೆ. ವಾರಕ್ಕೆ ನೂರು ಆಟದಂತೆ ನಿಮಗೆ ಎಂಟು ವರ್ಷ ಬೇಕು. ಯಾರು ದೋಸೆ ಕೊಡಿಸಿದರು ಎಂಬುದರಿಂದ ಯಾರು ಚೆನ್ನಾಗಿ ಆಡಿದರು ಎಂದು ತೀರ್ಮಾನಿಸಬೇಡಿ.

2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ಎದುರು 20 ದಿನ, 1,20,000 ಆಟ ಆಡಿ ಗೆದ್ದಿತು. ಅಷ್ಟು ಆಟಗಳಿದ್ದರೂ ಏರ್ಪಡಿಸಿದವರಿಗೆ ಸಮಾಧಾನವಿರಲಿಲ್ಲ. ಒಬ್ಬ ಆಟಗಾರನಿಗೆ ಒಂದು ಮೇಜಿನಲ್ಲಿ ಬಂದ ಎಲೆಗಳನ್ನೇ ಇನ್ನೊಂದು ಮೇಜಿನಲ್ಲಿ ಯಂತ್ರಕ್ಕೆ ಕೊಟ್ಟರು. ಇಬ್ಬರಿಗೂ ಒಂದೇ ಭಾಗ್ಯ, ಒಂದೇ ದುರ್ಭಾಗ್ಯ. ಅದೃಷ್ಟವನ್ನು ತೂಕದಿಂದ ಕಳೆಯಲು ಇದಕ್ಕಿಂತ ಚೆಂದದ ಉಪಾಯ ನಾನು ಕಂಡಿಲ್ಲ. ನೀವೂ ಮನೆಯಲ್ಲಿ ಮಾಡಬಹುದು. ನಿಮ್ಮ ಸೋತ ಆಟದ ಎಲೆಗಳನ್ನೇ ಜೋಡಿಸಿ, ಏನು ಬರುತ್ತದೆಂದು ಹೇಳದೆ, ಬೇರೆಯವರನ್ನು ನಿಮ್ಮ ಜಾಗದಲ್ಲಿ ಕೂರಿಸಿ ನೋಡಿ.

ಸುಟ್ಟಕೈ (ಹುಬ್ಬಳ್ಳಿ) ಬರೆದದ್ದು

ನಿಮ್ಮ ಹುಣಸೆ ಬೀಜ ಕಂಡು ಹೊಟ್ಟೆ ತಣ್ಣಗಾಯಿತು. ದಯವಿಟ್ಟು ಬೀಜದಲ್ಲೇ ಇರಿ. ಮೇಡಂ ಹೇಳಿದ ಈ ಲೆಕ್ಕಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಆ ಧೈರ್ಯದಲ್ಲೇ ಮೊಬೈಲ್ ಆ್ಯಪ್ ಒಂದರಲ್ಲಿ ಎರಡು ವರ್ಷ ದುಡ್ಡು ಕಟ್ಟಿ ಆಡಿದೆ. ಮಗಳ ಹೆಸರಿನಲ್ಲಿದ್ದ ಠೇವಣಿ ಮುರಿದೆ. ನಾನು ಎದುರಾಳಿಗಳ ಲೆಕ್ಕ ಹಾಕುತ್ತಿದ್ದೆ, ಆಟ ನಡೆಸುವವರ ಕಮಿಷನ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಡುವೆ ಸೇರಿದ ಹಣದಲ್ಲಿ ನೂರಕ್ಕೆ ಐದು ಅವರಿಗೆ ಹೋಗುತ್ತಿತ್ತು.

ನಿಮ್ಮ ಮನೆಯ ಆಟಕ್ಕೆ ಇದನ್ನು ಅನ್ವಯಿಸಿ. ಒಂದು ಆಟದಲ್ಲಿ ಸರಾಸರಿ 40 ಬೀಜ ಸೇರುತ್ತದೆ ಎನ್ನೋಣ. ಪ್ರತಿ ಸಲ ಎರಡು ಬೀಜ ಡಬ್ಬಿಯಿಂದ ಹೊರಗೆ. ನೂರು ಆಟಕ್ಕೆ 200. ಒಬ್ಬ ಆಟಗಾರನ ಅಷ್ಟೂ ಬೀಜ ಒಂದೇ ರಾತ್ರಿಯಲ್ಲಿ ಯಾರೂ ಗೆಲ್ಲದೆ ಮಾಯ. ಆರು ಜನ ಸಮಬಲರಾದರೆ ಆರೂ ಜನ ಸೋಲುತ್ತಾರೆ.

ಕೌಶಲವೋ ಅದೃಷ್ಟವೋ ಎಂಬ ಈ ವಾದದಲ್ಲಿ ನ್ಯಾಯಾಲಯಗಳೂ ಒಂದೇ ಮಾತು ಹೇಳಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದಿತು, ಅದೇ ತೀರ್ಪಿನಲ್ಲಿ ಮೂರೆಲೆ ಆಟವನ್ನು ಶುದ್ಧ ಅದೃಷ್ಟ ಎಂದಿತು. ಪೋಕರ್ ಅದೃಷ್ಟದ ಆಟವೆಂದು ಗುಜರಾತ್ ಹೈಕೋರ್ಟ್ 2017ರಲ್ಲಿ ಹೇಳಿತು. ನಮ್ಮ ರಾಜ್ಯ ಆನ್‌ಲೈನ್ ಆಟಗಳ ಮೇಲೆ 2021ರಲ್ಲಿ ತಂದ ನಿಷೇಧವನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಕೌಶಲದ ಆಟವೆಂಬ ಆ ಮಾತನ್ನು ಹಿಡಿದುಕೊಂಡೇ ನಾನು ಆಡಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನನ್ನ ಮನೆಗೆ ಅದು ತಡವಾಗಿ ಬಂತು.

ಹುಣಸೆಬೀಜ ಮರಳಿ ಬರೆದದ್ದು

ಎಲ್ಲರಿಗೂ ನಮಸ್ಕಾರ. ಸುಟ್ಟಕೈ ಅವರೇ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಬೀಜದ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳುವ ಹೊಣೆ ತನ್ನದು ಎಂದಿದ್ದಾರೆ.

ನೋಟ್‌ಬುಕ್ ಪೂರ್ತಿ ತಿರುವಿದೆ. ಕೊನೆಯ ಎಲೆಯ ಮೇಲೆ ಭಾವ ನಡುವೆ ಇದ್ದುದಕ್ಕಿಂತ ಹೆಚ್ಚು ಬೀಜ ಹಾಕಿದ್ದು 11 ಸಲ. ಒಂಬತ್ತು ಸಲ ಎಲೆ ತೋರಿಸುವ ಸಂದರ್ಭ ಬಂದಿತ್ತು. ಸುಳ್ಳಾಡಿದ್ದು ಒಂದೇ ಸಲ. ನನಗೆ ಬೇಕಿದ್ದದ್ದು ನೂರಕ್ಕೆ 46, ಇದ್ದದ್ದು ಹನ್ನೊಂದು. ಇಷ್ಟು ದಿನ ನನ್ನ ಎಲೆಗಳನ್ನೇ ಬರೆದು ನನ್ನ ಎಲೆಗಳನ್ನೇ ಓದುತ್ತಿದ್ದೆ. ಭಾವನವರ ಸಾಲುಗಳೂ ಅದೇ ಪುಟದಲ್ಲಿದ್ದವು.

ಭಾನುವಾರ ದೋಸೆ ತಿಂದು ಬಂದ ಮೇಲೆ ಸ್ಯಾನ್ ಹೊಸೆಯವರ ಉಪಾಯ ಮಾಡಿದೆ. ಆಟೀನಿನ ಆಟವನ್ನು ಹಾಗೆಯೇ ಜೋಡಿಸಿ, ಯಾರ ಎಲೆ ಎಂದು ಹೇಳದೆ, ನನ್ನ ಎಕ್ಕಗಳನ್ನು ಭಾವನವರ ಕೈಗೆ ಕೊಟ್ಟೆ. ಮೊದಲ ಮೂರು ಎಲೆ ಕಂಡ ತಕ್ಷಣ 15 ಬೀಜ ಹಾಕಿದರು. "ಎರಡು ಆಟೀನು ಬಿದ್ದಿದೆಯಲ್ಲ, ಸುಮ್ಮನೆ ಬಿಡುವುದಕ್ಕೆ ಆಗುತ್ತದೆಯೇ" ಎಂದರು. ಐದನೆಯ ಎಲೆಗೆ ನಾನು ಎಲ್ಲ ಬೀಜ ತಳ್ಳಿದಾಗ ನನ್ನ ಮುಖ ನೋಡಿ, ಎಕ್ಕಗಳನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿಯಲು ಒಳಗೆ ಹೋದರು. ಲೆಕ್ಕ ಹಾಕುವುದಿಲ್ಲ ಎಂದು ನಾನು ಅವರ ಬಗ್ಗೆ ಬರೆದದ್ದು ತಪ್ಪು. ಸಂಖ್ಯೆಗಳಲ್ಲಿ ಹಾಕುವುದಿಲ್ಲ, ಅಷ್ಟೇ.

ಮೇಡಂ, ಒಂದು ಸಂದೇಹ ಉಳಿದಿದೆ. ಅಂದು ನನ್ನ ಎರಡು ಎಕ್ಕಗಳಲ್ಲಿ ಒಂದು ಆಟೀನಿನದಾಗಿದ್ದರೆ ಏನಾದರೂ ಬದಲಾಗುತ್ತಿತ್ತೇ?

ನಿವೃತ್ತ ಗಣಿತ ಉಪನ್ಯಾಸಕಿ ಬರೆದದ್ದು

ಮೊದಲಿಗೆ, ಸ್ಯಾನ್ ಹೊಸೆಯವರು ತಿದ್ದಿದ್ದು ಸರಿ. ಕೊನೆಯ 150 ಬೀಜಗಳನ್ನು ನಾನು ಲೆಕ್ಕದಿಂದ ಬಿಟ್ಟಿದ್ದೆ.

ನಿಮ್ಮ ಸಂದೇಹಕ್ಕೆ: ಬಹಳ ಬದಲಾಗುತ್ತಿತ್ತು. ಇಬ್ಬರ ಕೈ ಮತ್ತು ನಡುವಿನ ಮೂರು ಎಲೆ ಬಿಟ್ಟರೆ ಉಳಿಯುವುದು 45. ಅವುಗಳಿಂದ ಕೊನೆಯ ಎರಡು ಎಲೆ ಬರುವ ಬಗೆಗಳು 990. ಜೋಡಿ, ಸರಣಿಗಳ ಸಣ್ಣ ಸಾಧ್ಯತೆಗಳನ್ನು ಸದ್ಯ ಬದಿಗಿಡಿ. ನೀವು ಹಿಡಿದಿದ್ದ ಎಕ್ಕಗಳ ಎದುರು ಭಾವನವರಿಗೆ ಕಲರ್ ಕೊಡುವ ಬಗೆಗಳು 360. ಒಂದು ಎಕ್ಕ ಆಟೀನಿನದಾಗಿದ್ದರೆ ಉಳಿದ ಆಟೀನುಗಳು 8, ಅದರಲ್ಲಿ ಒಂದೇ ಒಂದು ಬಂದು ಭಾವ ಗೆಲ್ಲುವ ಬಗೆಗಳು 296. ಎರಡೂ ಆಟೀನಾಗಿಯೇ ಬಂದರೆ ನಿಮಗೂ ಕಲರ್ ಆಗುತ್ತದೆ, ಅದೂ ಎಕ್ಕದ್ದು. ಅಂಥ ಬಗೆಗಳು 28, ಅವುಗಳಲ್ಲಿ 27 ನಿಮ್ಮವು. ಉಳಿದ ಒಂದರಲ್ಲಿ ಆಟೀನಿನ ಹತ್ತು ಮತ್ತು ಒಂಬತ್ತು ಒಟ್ಟಿಗೆ ಬಂದು, ಭಾವನವರಿಗೆ ರಾಜನಿಂದ ಒಂಬತ್ತರವರೆಗೆ ಐದೂ ಆಟೀನು ಸಾಲಾಗಿ ಸೇರುತ್ತವೆ. ಆ ಒಂದು ಬಂದ ದಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸಂತೋಷದಿಂದ ದೋಸೆ ಕೊಡಿಸಿ.